ನಾಲ್ಕನೆಯವನು ಬರಲಿಲ್ಲ

ನೋರ್ಡರ್‌ಹೋಫ್
ನವೆಂಬರ್, ಭಾನುವಾರ

ಗೆಸಾ ಲೊರೆನ್ಸೆನ್ ಅವರಿಗೆ,

ಹೌಕೆಯ ಹೆಂಡತಿ ವೀಬ್ಕೆಯ ನಮಸ್ಕಾರಗಳು.

ನೀವು ಬೇಸಿಗೆಯಲ್ಲಿ ಕಳಿಸಿದ ಕ್ಷಮಾಪಣೆ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಅದನ್ನು ಓದಿ ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ‘ನನ್ನ ಮಾತಿನಿಂದ ಮೃತರ ಕುಟುಂಬಕ್ಕೆ ನೋವಾಗಿದ್ದಲ್ಲಿ ವಿಷಾದಿಸುತ್ತೇನೆ.’ ಇದು ನಿಮ್ಮ ಭಾಷೆಯಲ್ಲ. ಹನ್ನೊಂದು ವರ್ಷ ಬೆಳಗಿನ ಕಾಫಿಯ ಜೊತೆ ರೇಡಿಯೊದಲ್ಲಿ ನಿಮ್ಮ ದನಿ ಕೇಳಿದವಳು ನಾನು. ರೇಡಿಯೊ ನಿಲಯದ ಕಚೇರಿಯಲ್ಲಿ ಯಾರೋ ಬರೆದುಕೊಟ್ಟಿದ್ದಕ್ಕೆ ನೀವು ಸಹಿ ಹಾಕಿದ್ದೀರಿ. ನೋವಾಯಿತೇ ಎಂದು ನನ್ನನ್ನು ಯಾರು ಕೇಳಿದರು? ನೀವೂ ಕೇಳಲಿಲ್ಲ.

ಆ ಮಂಗಳವಾರ ನಡೆದದ್ದನ್ನು ನನ್ನ ಬಾಯಿಂದ ನೀವು ಕೇಳಿಲ್ಲ. ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಹೌಕೆ ಮಹಡಿಯ ಮೇಲೆ ಮಲಗಿದ್ದ. ನಾನು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಬೆಳಗಿನ ಹನ್ನೊಂದು ಗಂಟೆಗೆ ಕೆಳಗೆ ಬಟ್ಟೆ ಒಣಗಿಸುವ ಯಂತ್ರಕ್ಕೆ ಬೆಂಕಿ ಹತ್ತಿತು. ಸೈರನ್ ಕೂಗಿತು. ನಮ್ಮದು ಸ್ವಯಂಸೇವಕರ ಅಗ್ನಿಶಾಮಕ ದಳ. ಪಟ್ಟಿಯಲ್ಲಿ ಹದಿನೇಳು ಹೆಸರಿದ್ದರೂ ಹಗಲು ಹೊತ್ತು ಊರಲ್ಲಿರುವವರು ಮೂವರು. ಹೊಗೆಯೊಳಗೆ ಇಬ್ಬರು ಹೋಗಬೇಕಾದರೆ, ಅವರಿಗೆ ಏನಾದರೂ ಆದರೆ ಎಳೆದು ತರಲು ಇನ್ನಿಬ್ಬರು ಹೊರಗೆ ಸಿದ್ಧರಿರಬೇಕು ಎಂಬುದು ನಿಯಮ. ಪಕ್ಕದ ಊರಿನ ಗಾಡಿ ಬರುವಷ್ಟರಲ್ಲಿ ಹತ್ತೊಂಬತ್ತು ನಿಮಿಷ ಕಳೆದಿತ್ತು. ದಳದ ನಾಯಕ ಇಂಗ್ವರ್ ನನ್ನ ಎದುರು ನಿಂತು ಹೇಳಿದ್ದು ಇಷ್ಟೇ: “ಮೂರೇ ಜನ ಇದ್ವಿ ವೀಬ್ಕೆ. ಇನ್ನೊಬ್ಬ ಬಂದಿದ್ರೆ ಒಳಗೆ ನುಗ್ತಿದ್ದೆ.” ಆ ಮನುಷ್ಯ ಅಂದಿನಿಂದ ಸರಿಯಾಗಿ ನಿದ್ದೆ ಮಾಡಿಲ್ಲ.

ಹೌಕೆಯನ್ನು ಮಣ್ಣು ಮಾಡಿದ ಮರುದಿನ ನೀವು ರೇಡಿಯೊದಲ್ಲಿ ಮಾತಾಡಿದಿರಿ. “ಹೌಕೆ ಸತ್ತಿದ್ದು ಬರೀ ಹೊಗೆಯಿಂದ ಅಲ್ಲ, ನನಗೆ ಪುರುಸೊತ್ತಿಲ್ಲ ಅನ್ನೋ ನಮ್ಮ ಮಾತಿಂದ. ಬಸ್ಸು ರದ್ದು ಮಾಡ್ತಾರೆ ಅಂದ್ರೆ ನಮ್ಮ ಹಕ್ಕು ಅಂತ ಊರಿಗೆ ಊರೇ ಪುರಸಭೆ ಮುಂದೆ ನಿಲ್ಲುತ್ತೆ. ದಳಕ್ಕೆ ಜನ ಬೇಕು ಅಂದ್ರೆ ಎಲ್ಲಿರ್ತೀವಿ? ತಾವಾಗೇ ಬರಲ್ಲ ಅಂದ್ರೆ ಪುರಸಭೆಯೇ ಆದೇಶ ಕಳಿಸಿ ದಳಕ್ಕೆ ಕರೀಲಿ.”

ಅಷ್ಟೇ ಸಾಕಾಯಿತು. ನೀವು ಸರ್ವಾಧಿಕಾರಿಯಾದಿರಿ, ಜನರನ್ನು ಬಲವಂತದಿಂದ ದುಡಿಸಿದ ಹಳೆಯ ಕೆಟ್ಟ ಕಾಲವನ್ನು ವಾಪಸು ತರುವವರಾದಿರಿ. ನಿಮ್ಮ ಗ್ಯಾರೇಜಿನ ಬಾಗಿಲಿಗೆ ಕಪ್ಪು ಬಣ್ಣ ಎರಚಿದರು. ಬೇಕರಿಯ ಫ್ರೌಕೆ ನಿಮ್ಮನ್ನು ರೇಡಿಯೊದಿಂದ ತೆಗೆದುಹಾಕಿ ಎಂಬ ಅರ್ಜಿಯನ್ನು ಬ್ರೆಡ್ಡಿನ ಪಕ್ಕದಲ್ಲೇ ಇಟ್ಟಳು. ನನಗೆ ಸೇಬಿನ ಕೇಕು ತಂದುಕೊಟ್ಟು ಹೇಳಿದಳು: “ನೀನು ತಲೆ ಕೆಡಿಸ್ಕೋಬೇಡ ಕಣೆ. ನಿನ್ನ ಪರವಾಗಿ ಇಡೀ ಊರೇ ಸಹಿ ಹಾಕ್ತಿದೆ.” ನನ್ನ ಪರವಾಗಿ! ನನ್ನ ಗಂಡನ ಹೆಣವನ್ನು ಗುರಾಣಿಯ ಹಾಗೆ ಮುಂದೆ ಹಿಡಿದು ಅದರ ಹಿಂದೆ ಎಲ್ಲರೂ ಬಚ್ಚಿಟ್ಟುಕೊಂಡರು. ಎರಡೇ ವಾರದಲ್ಲಿ ನಿಲಯದವರು ನಿಮ್ಮನ್ನು ‘ವಿಶ್ರಾಂತಿ’ಗೆ ಕಳಿಸಿದರು.

ನಿಮ್ಮ ಮಾತು ನನಗೆ ನೋವು ಮಾಡಲಿಲ್ಲವೆಂದರೆ ಸುಳ್ಳಾಗುತ್ತದೆ. ಮಾಡಿತು. ಕಾರಣ ಬೇರೆ. ಆರು ವರ್ಷದ ಹಿಂದೆ ಇಂಗ್ವರ್ ದಳಕ್ಕೆ ಸೇರುವ ಅರ್ಜಿ ಹಿಡಿದು ನಮ್ಮ ಮನೆಗೂ ಬಂದಿದ್ದ. ಹೌಕೆ ನಗುತ್ತಲೇ ಅಂದಿದ್ದ: “ತೆರಿಗೆ ಕಟ್ತೀವಲ್ಲ ಮಾರಾಯ, ಇನ್ನೇನು ಬೇಕು?” ನಾನೂ ನಕ್ಕಿದ್ದೆ. ಪುರುಸೊತ್ತಿಲ್ಲದವರ ಸಾಲಿನಲ್ಲಿ ನಾವಿಬ್ಬರೂ ನಿಂತಿದ್ದೆವು ಗೆಸಾ. ನೀವು ಹೇಳಿದ್ದು ನಿಜವಾದ್ದರಿಂದಲೇ ಚುಚ್ಚಿತು. ಆ ನಿಜಕ್ಕೆ ನೀವು ಕ್ಷಮೆ ಕೇಳಿದಿರಲ್ಲ, ಅದನ್ನು ಮಾತ್ರ ನನ್ನಿಂದ ಸಹಿಸಲಾಗಲಿಲ್ಲ.

ಆಗಸ್ಟಿನಲ್ಲಿ ನಾಗರಿಕರ ಸಭೆ ಕರೆದಾಗ ಹೋದೆ. ಮೇಯರ್ ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿ, ನೊಂದ ಕುಟುಂಬದ ಗೌರವವೆಂದು ಏನೇನೋ ಮಾತಾಡಿದ. ನಾನು ಎದ್ದು ನಿಂತೆ.

“ಎಷ್ಟು ಸಹಿ ಆಯ್ತು?” ಎಂದು ಕೇಳಿದೆ.

“ನಾನೂರ ಹನ್ನೆರಡು,” ಎಂದಳು ಫ್ರೌಕೆ, ಹೆಮ್ಮೆಯಿಂದಲೇ.

“ನನ್ನ ಹೆಸರಲ್ಲಿ ಸಹಿ ಹಾಕೋ ಮುಂಚೆ ನನ್ನನ್ನ ಕೇಳಿದೋರು ಕೈ ಎತ್ತಿ.”

ಒಂದು ಕೈಯೂ ಏಳಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಅಂದ: “ಹಾಗಂತ ಆಯಮ್ಮ ನಮ್ಮನ್ನ ಕೊಲೆಗಾರರು ಅನ್ನಬಹುದಾ? ನಮಗೂ ಹಕ್ಕು ಅಂತ ಒಂದಿದೆ.”

“ಇದೆ,” ಎಂದೆ. “ಹೌಕೆಗೂ ಒಂದಿತ್ತು. ಅವನ ಮನೆಗೆ ಬೆಂಕಿ ಬಿದ್ದಾಗ ನಾಲ್ಕನೆಯವನು ಬರಬೇಕು ಅನ್ನೋ ಹಕ್ಕು. ಆ ನಾಲ್ಕನೆಯವನು ಇಲ್ಲೇ ಕೂತಿದ್ದಾನೆ. ನಾನೂರ ಹನ್ನೆರಡು ಸಲ ಕೂತಿದ್ದಾನೆ. ನಾನೂ ಅವರಲ್ಲಿ ಒಬ್ಬಳೇ.”

ಚಪ್ಪಾಳೆ ಬೀಳಲಿಲ್ಲ. ಬಾಗಿಲ ಬಳಿ ಇಂಗ್ವರ್ ದಳದ ಅರ್ಜಿ ಹಿಡಿದು ನಿಂತಿದ್ದ. ನನ್ನನ್ನು ಸೇರಿಸಿ ಐವರು ಹೆಸರು ಕೊಟ್ಟೆವು. ವಾರದೊಳಗೆ ಇಬ್ಬರು ಹಿಂದೆ ಸರಿದರು. ಅರವತ್ತೊಂದು ವರ್ಷದ ನನ್ನನ್ನು ಹೊಗೆಯೊಳಗೆ ಹೋಗಲು ಬಿಡುವುದಿಲ್ಲ, ಪಂಪು ನೋಡಿಕೊಳ್ಳಲು ಕಲಿಸಿದ್ದಾರೆ. ಫ್ರೌಕೆ ಈಗ ನನ್ನ ಮುಖ ನೋಡದೆ ಬ್ರೆಡ್ಡು ಕಟ್ಟಿಕೊಡುತ್ತಾಳೆ. ‘ಗಂಡ ಸತ್ತಿದ್ದೇ ಇವಳಿಗೆ ವೇದಿಕೆ ಆಯ್ತು’ ಎಂದು ಹೆಸರಿಲ್ಲದ ಚೀಟಿಯೊಂದು ಅಂಚೆಪೆಟ್ಟಿಗೆಗೆ ಬಿತ್ತು. ನಿಮಗೆ ಇಂಥವು ಎಷ್ಟು ಬಂದಿರಬಹುದೆಂದು ಆವತ್ತು ಯೋಚಿಸಿದೆ. ನಿಮ್ಮ ಜಾಗದಲ್ಲಿ ಈಗ ಬೆಳಗಿನ ಹೊತ್ತು ಬರೀ ಹಾಡು, ಹವಾಮಾನ. ಅದರಿಂದ ಯಾರಿಗೂ ನೋವಾಗುವುದಿಲ್ಲ.

ಮೊನ್ನೆ ಗುರುವಾರ ಮಧ್ಯಾಹ್ನ ಸೈರನ್ ಕೂಗಿತು. ವೃದ್ಧಾಶ್ರಮದ ಅಡುಗೆಮನೆಯಲ್ಲಿ ಹೊಗೆ. ಹೋಗಿ ನೋಡಿದರೆ ಒಲೆಯ ಮೇಲೆ ಮರೆತ ಬಟಾಣಿ ಸೂಪು ಸೀದಿತ್ತು, ಅಷ್ಟೇ. ಕಿಟಕಿ ತೆರೆದು ವಾಪಸು ಹೊರಟೆವು. ಗಾಡಿಯಲ್ಲಿ ಇಂಗ್ವರ್ ತಲೆ ಎಣಿಸಿದ. ಮತ್ತೊಮ್ಮೆ ಎಣಿಸಿದ. ಹಾಡುಹಗಲಲ್ಲಿ ಆರು ಜನ ಇದ್ದೆವು, ಮಾಡಲು ಕೆಲಸವೇ ಇರಲಿಲ್ಲ. ಇಂಗ್ವರ್‌ಗೂ ನನಗೂ ಅಳು ತಡೆಯಲಾಗಲಿಲ್ಲ.

ನಿಮ್ಮ ದನಿ ಗಟ್ಟಿಯಾಗಿರಲಿ, ತಾಯಿ. ಎಲ್ಲಿದ್ದರೂ ಮಾತಾಡಿ.

ಇಂತಿ,
ವೀಬ್ಕೆ ಡೆಟ್ಲೆಫ್ಸೆನ್
ಸ್ವಯಂಸೇವಕ ಅಗ್ನಿಶಾಮಕ ದಳ, ನೋರ್ಡರ್‌ಹೋಫ್