ಹಿಟ್ಟಿನ ಮಿಕ್ಸರಿನ ಪವರ್ ಫ್ಯಾಕ್ಟರ್

ಮಾರ್ಚ್ 4, ಬೆಳಿಗ್ಗೆ 6.30

ಬ್ರೆಡ್ ಫ್ಯಾಕ್ಟರಿಯಲ್ಲಿ ಮತ್ತೆ ಲೋಡ್ ಲೆಕ್ಕ. ಸ್ಲೈಸರ್, ಕಂಪ್ರೆಸರ್, ಬ್ಲೋವರ್ ಮುಗಿದವು. ಉಳಿದದ್ದು ಹಿಟ್ಟು ಕಲಸುವ ಹಳೇ ಮಿಕ್ಸರ್. ಮ್ಯಾನೇಜರ್ ಸ್ಪಷ್ಟವಾಗಿ ಹೇಳಿದ್ದಾರೆ: ಅದು ಏಳು ಕಿಲೋವ್ಯಾಟ್ ದಾಟಿದರೆ ಗುಜರಿಗೆ, ಹೊಸದು ಬರುತ್ತದೆ. ನಮ್ಮ ಯಜಮಾನರು ಇಪ್ಪತ್ತೆರಡು ವರ್ಷ ಓಡಿಸಿದ ಮಿಕ್ಸರ್. ಇವರು ಹೋಗಿ ಮೂರು ವರ್ಷ. ಅದೂ ಹೋದರೆ ಇಲ್ಲಿ ಇವರದೆಂದು ಏನೂ ಉಳಿಯುವುದಿಲ್ಲ.

ಅದೇ ದಿನ, ಮಧ್ಯಾಹ್ನ

ಹಿಟ್ಟು ತುಂಬಿ ಓಡುವಾಗ ಕರೆಂಟ್ ಅಳೆಯಲು ಕ್ಲ್ಯಾಂಪ್ ಮೀಟರ್ ಹಾಕಿದೆ. ಒಂದೊಂದೇ ವೈರಿಗೆ. ಮೂರರಲ್ಲೂ ಹದಿನಾಲ್ಕು ಆಂಪ್ಸ್. ನಗು ಬಂತು. ನಾನು ಎಲೆಕ್ಟ್ರಿಷಿಯನ್ ಆಗಿ ಸೇರಿದ ವಾರ ಇವರು, "ಕೊಡಿ ಇಲ್ಲಿ, ಇದೇನು ಮಹಾ ವಿದ್ಯೆ" ಎಂದು ಮೀಟರ್ ಕಿತ್ತುಕೊಂಡು ಮೂರು ವೈರನ್ನೂ ಒಟ್ಟಿಗೆ ಸಿಕ್ಕಿಸಿದ್ದರು. ಸೊನ್ನೆ ತೋರಿಸಿತು.

"ನೋಡಿದ್ರಾ ಮೇಡಂ, ನನ್ ಮೆಷಿನ್ ಗಾಳಿ ಕುಡಿದು ಓಡುತ್ತೆ!"

ಮೂರನ್ನೂ ಒಟ್ಟಿಗೆ ಹಿಡಿದರೆ ಮೂರರ ಕರೆಂಟೂ ಒಂದನ್ನೊಂದು ಹೊಡೆದುಹಾಕಿ ಸೊನ್ನೆಯೇ ಬರುತ್ತದೆ ಎಂದೆ. ಕಿವಿ ಕೆಂಪಾಯಿತು ಪಾಪ. ಆಮೇಲೆ ದಿನಾ ಏನಾದರೊಂದು ಡೌಟ್ ಹಿಡಿದು ಬರುತ್ತಿದ್ದರು. ಮದುವೆ ಆಗುವವರೆಗೂ ಡೌಟ್ ತೀರಲಿಲ್ಲ.

ಮಾರ್ಚ್ 5

1.732 × 415 ವೋಲ್ಟ್ × 14 ಆಂಪ್ಸ್ × ಪವರ್ ಫ್ಯಾಕ್ಟರ್. ಎಳೆದ ಕರೆಂಟಿನಲ್ಲಿ ನಿಜಕ್ಕೂ ಕೆಲಸಕ್ಕೆ ಬಂದ ಪಾಲು ಅದು. ಮೋಟರಿನ ಪ್ಲೇಟಿನ ಮೇಲೆ ಬರೆದಿರುತ್ತದೆ. ಪ್ಲೇಟಿಗೆ ಹಿಟ್ಟು, ಪೇಂಟು ಮೆತ್ತಿದೆ. ಅಂದಾಜಿಗೆ 0.65 ಹಾಕಿದೆ. 6.54 ಕಿಲೋವ್ಯಾಟ್. ಉಳಿಯಿತು! ಆ 0.65 ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಕೇಳಬೇಕಾದವಳು ನಾನೇ.

ಮಾರ್ಚ್ 9

ಮನಸ್ಸು ತಡೆಯಲಿಲ್ಲ. ಸೀಮೆಎಣ್ಣೆ ಬಟ್ಟೆಯಲ್ಲಿ ಪ್ಲೇಟು ಉಜ್ಜಿದೆ. 0.82. ಹಾಗಾದರೆ 8.25 ಕಿಲೋವ್ಯಾಟ್, ದಿನಕ್ಕೆ ನಾಲ್ಕು ಗಂಟೆಗೆ 33 ಯೂನಿಟ್. ಲೆಕ್ಕದ ಶೀಟಿನಲ್ಲಿ 0.65ನ್ನೇ ಉಳಿಸಿ ಆಫೀಸಿಗೆ ಕೊಟ್ಟುಬಂದೆ. ಈ ವಯಸ್ಸಿನಲ್ಲಿ ಕಳ್ಳಲೆಕ್ಕ... ನಾಚಿಕೆ ಆಗುತ್ತಿದೆ. ಸಮಾಧಾನವೂ ಆಗುತ್ತಿದೆ.

ಮಾರ್ಚ್ 11

ಇವರ ಜಾಗಕ್ಕೆ ಬಂದವನು ಗುಂಡಣ್ಣ. ಹೆಸರಿಗೆ ಗುಂಡಣ್ಣ, ಆಳು ಕಡ್ಡಿ. ಟೀ ಹೊತ್ತಿನಲ್ಲಿ ಪಕ್ಕಕ್ಕೆ ಬಂದು ಕೂತ.

"ಅಕ್ಕಾ, ಮಿಕ್ಸರ್ ಉಳಿಯುತ್ತಂತೆ?"

"ಹೂಂ ಕಣೋ."

ಟೀ ಲೋಟ ಕೆಳಗಿಟ್ಟ. "ನಿಮಗೆ ಭಾವನ ನೆನಪು, ಗೊತ್ತು. ಬೇಜಾರು ಮಾಡ್ಕೋಬೇಡಿ. ಆ ಹಿಟ್ಟಿನ ಪಾತ್ರೆನ ದಿನಾ ಕೈಯಲ್ಲೇ ಮಗುಚಿ ಮಗುಚಿ ಭುಜ ಎತ್ತೋಕಾಗ್ತಿಲ್ಲ ಅಕ್ಕಾ. ಹೊಸದು ತಾನೇ ಮಗುಚುತ್ತಂತೆ."

ಕೊನೆಯ ವರ್ಷಗಳಲ್ಲಿ ಇವರ ಬಲಗೈಯೂ ತಲೆಯವರೆಗೆ ಹೋಗುತ್ತಿರಲಿಲ್ಲ. ನಾನೇ ತಲೆ ಬಾಚುತ್ತಿದ್ದೆ. ಬಾಚಿದ್ದು ನೆನಪಿತ್ತು. ಯಾಕೆ ಎನ್ನುವುದು ಬಿಟ್ಟುಹೋಗಿತ್ತು.

ಆಫೀಸಿಗೆ ಹೋಗಿ ಶೀಟು ವಾಪಸ್ ಕೇಳಿದೆ. ತಪ್ಪು ನನ್ನದೇ ಎಂದೆ. 0.82 ಬರೆದು ಸಹಿ ಹಾಕಿದೆ.

ಏಪ್ರಿಲ್ 2

ಬೆಳಿಗ್ಗೆ ಗುಜರಿಯವರ ಟ್ರಕ್ ಬಂತು. ವೈರ್ ಬಿಚ್ಚುವುದನ್ನು ಬೇರೆಯವರಿಗೆ ಬಿಡಲಿಲ್ಲ. ಮೇನ್ ಆಫ್ ಮಾಡಿ ಮೋಟರಿನ ಹಿಂದೆ ಕೂತೆ. ಅಲ್ಲಿ ಕತ್ತಲೆ. ಯಾವಾಗಲೂ ಟಾರ್ಚ್ ಹಿಡಿಯುತ್ತಿದ್ದವರು ಇವರು. ಇವತ್ತು ಗುಂಡಣ್ಣ ಹಿಡಿದು ನಿಂತ. ಎರಡು ವೈರ್ ಸಲೀಸಾಗಿ ಬಂದವು. ಮೂರನೆಯ ಸ್ಕ್ರೂ ಬಿಗಿಯಾಗಿತ್ತು.

"ರೀ, ಸ್ವಲ್ಪ ಈ ಕಡೆ ಹಿಡೀರಿ" ಎಂದುಬಿಟ್ಟೆ.

ಗುಂಡಣ್ಣ ಟಾರ್ಚನ್ನು ಈ ಕಡೆ ತಿರುಗಿಸಿದ. ನಾನು ತಲೆ ಎತ್ತಲಿಲ್ಲ. ಸ್ಕ್ರೂ ಕಾಣಿಸುತ್ತಿತ್ತು, ಆದರೂ ಅದನ್ನು ಬಿಚ್ಚಲು ತುಂಬಾ ಹೊತ್ತು ಹಿಡಿಯಿತು.