ಆಲ್ ಕ್ಲಿಯರ್

ಮಾರ್ಚ್ 3

ತಿಂಗಳ ಬೆಂಕಿ ಡ್ರಿಲ್ ಮುಗಿಯಿತು, ಅಪಾಯವಿಲ್ಲ ಎಂದು ಆಲ್ ಕ್ಲಿಯರ್ ಕೂಗಿದೆ. ಸೈರನ್ ಕೂಗಿದಾಗಿನಿಂದ ಕೊನೆಯವನು ಗೇಟು ದಾಟುವವರೆಗೆ ಆರು ನಿಮಿಷ ಇಪ್ಪತ್ತು ಸೆಕೆಂಡ್. ಪೇಂಟ್ ಕಾರ್ಖಾನೆಯಲ್ಲಿ ಆರು ನಿಮಿಷ ಎಂದರೆ ಅರ್ಧ ಜನ ಬೂದಿ. ಹೇಳಿದರೆ ನಗುತ್ತಾರೆ. ಮಿಕ್ಸಿಂಗ್ ವಿಭಾಗದವರು ಟೀ ಲೋಟ ಹಿಡಿದುಕೊಂಡೇ ಬಂದರು, ಮದುವೆ ಮನೆಗೆ ಹೊರಟವರ ಹಾಗೆ. ಸೇಫ್ಟಿ ಆಫೀಸರ್ ಆದ ನಾನು ಎಂದರೆ ಇವರಿಗೆ ಅಷ್ಟು ಸದರ.

ಮನೆಗೆ ಬಂದರೆ ಇವಳ ಮುಖ ಊರಗಲ. ಟಿಕೆಟ್ ಬುಕ್ ಆಗಿದೆ. ಮೇ ಎರಡನೇ ವಾರ, ಏಳು ದಿನ, ನಾವು ಮೂವರು. ಮೊದಲ ಸಲ ದೇಶದ ಹೊರಗೆ. ತಾಯಿ ಮಗಳು ನೆಲದ ಮೇಲೆ ಮ್ಯಾಪ್ ಹರಡಿಕೊಂಡು ಕೂತಿದ್ದಾರೆ. ಮ್ಯೂಸಿಯಂ, ದೋಣಿ, ಮಕ್ಕಳ ಪಾರ್ಕು... ನನಗೆ ಕಂಡದ್ದು ಮೆಟ್ರೋ ಗೆರೆಗಳು ಮಾತ್ರ. ಹನ್ನೊಂದು ಬಣ್ಣ. ನಮ್ಮ ಮಾತು ತಿಳಿಯುವವರು ಒಬ್ಬರೂ ಇಲ್ಲದ ಊರು. ಮಗಳು ಬಟಾಣಿಗೆ ಇನ್ನೂ ಐದೂವರೆ ವರ್ಷ.

"ಎಷ್ಟು ವರ್ಷದ ಆಸೆ ಕಣ್ರೀ ಇದು. ಸ್ವಲ್ಪ ನಗಬಾರದಾ?"

ನಕ್ಕೆ.

ಮಾರ್ಚ್ 9

ಇವಳಿಗೆ ಎಂದೂ ಹೇಳದ್ದು. ಆರು ವರ್ಷದವನಿದ್ದಾಗ ಬಸ್ ನಿಲ್ದಾಣದಲ್ಲಿ ಅಪ್ಪನ ಕೈ ತಪ್ಪಿತು. ಯೂನಿಫಾರ್ಮ್ ಹಾಕಿದವನೊಬ್ಬ ಬಂದ. "ಬಾ ಮರಿ, ಅಪ್ಪನ ಹತ್ರ ಬಿಡ್ತೀನಿ." ಹೋದೆ. ಅವನು ನಿಲ್ದಾಣದವನೇ ಅಲ್ಲ. ಗೇಟಿನ ಹೊರಗೆ ವ್ಯಾನು ನಿಂತಿತ್ತು. ಅಪ್ಪ ಎಲ್ಲಿಂದಲೋ ಓಡಿ ಬಂದು ನನ್ನ ಕಾಲರ್ ಹಿಡಿದು ಎಳೆದುಕೊಂಡರು. ಅಂಗಿ ಹರಿಯಿತು. ಅಂಗಿ ಹರಿದ ಸದ್ದು ಈಗಲೂ ಕೇಳುತ್ತದೆ.

ಬಟಾಣಿಗೆ ಕಲಿಸಬೇಕು. ಇನ್ನು ಎರಡು ತಿಂಗಳಿದೆ.

ಮಾರ್ಚ್ 16, ಭಾನುವಾರ

ಸೂಪರ್ ಮಾರ್ಕೆಟ್‌ನಲ್ಲಿ ಮೊದಲ ಡ್ರಿಲ್.

"ಕಳೆದುಹೋದ್ರೆ ಏನು ಮಾಡ್ತೀಯ?"

"ಗೋಡೆಗೆ ಬೆನ್ನು ಕೊಟ್ಟು ನಿಂತ್ಕೋತೀನಿ."

"ಎಷ್ಟು ಹೊತ್ತು?"

"ನೀನು ಆಲ್ ಕ್ಲಿಯರ್ ಅನ್ನೋವರ್ಗೂ."

ಸೋಪಿನ ಪುಡಿ ಪೇರಿಸಿದ ಕಡೆ ಅಡಗಿ ನೋಡಿದೆ. ಎರಡು ನಿಮಿಷಕ್ಕೆ ತುಟಿ ನಡುಗಿತು. ಮೂರಕ್ಕೆ ಅಳು. ಹೋಗಿ ಎತ್ತಿಕೊಂಡೆ. ಸಾಲದು. ಏನೇನೂ ಸಾಲದು.

ಮಾರ್ಚ್ 30

ಹನ್ನೊಂದು ನಿಮಿಷ. ಅಳಲಿಲ್ಲ. ನಾನು ಕಂಡ ಕೂಡಲೇ ಹೆಬ್ಬೆರಳು ಎತ್ತಿ ತೋರಿಸಿದಳು. "ಎಷ್ಟು ನಿಮಿಷ ಅಪ್ಪ?" ಎಂದು ಕೇಳಿದಳು. ಐಸ್‌ಕ್ರೀಂ ಕೊಡಿಸಿದೆ.

ಏಪ್ರಿಲ್ 6

ಕಾರ್ಖಾನೆ ಗೇಟಿನ ಗಾರ್ಡ್, ಎಲ್ಲರೂ ಮೀಸೆ ಎನ್ನುತ್ತಾರೆ, ಅವನನ್ನು ಯೂನಿಫಾರ್ಮಿನಲ್ಲೇ ಬಟ್ಟೆ ಅಂಗಡಿಗೆ ಕರೆಸಿದೆ. ಬಟಾಣಿ ಅವನನ್ನು ನೋಡಿರಲಿಲ್ಲ. ಕೈ ಹಿಡಿದು "ಬಾ ಪುಟ್ಟಿ, ಅಪ್ಪ ಕರೀತಿದ್ದಾರೆ" ಎಂದ. ಯೂನಿಫಾರ್ಮಿನವರು ಕರೆದರೆ ಓಡಿ ಅಡಗಿಕೋ ಎಂದು ಹೇಳಿಕೊಟ್ಟಂತೆ ಕೊಸರಿಕೊಂಡು ಓಡಿದಳು. ಕೋಟುಗಳು ತೂಗುಹಾಕಿದ ಸ್ಟ್ಯಾಂಡಿನ ಒಳಕ್ಕೆ ನುಗ್ಗಿ ಉಸಿರು ಬಿಗಿಹಿಡಿದು ಕೂತಳು. ಅಂಗಡಿಯವರೆಲ್ಲ ಹುಡುಕಿದರೂ ಸಿಗಲಿಲ್ಲ. ನಾನು ಆಲ್ ಕ್ಲಿಯರ್ ಎಂದ ಮೇಲೆಯೇ ಕೋಟಿನ ನಡುವೆ ಮುಖ ಮೂಡಿದ್ದು.

ಮೀಸೆಗೆ ಹಿಡಿಸಲಿಲ್ಲ. "ಮಗು ಕೈ ತಣ್ಣಗಾಗಿತ್ತು ಸಾರ್. ಮನೇಲಿ ನಂಗೂ ಮೊಮ್ಮಗಳಿದ್ದಾಳೆ. ಇನ್ನೊಂದ್ಸಲ ಈ ಕೆಲಸಕ್ಕೆ ನನ್ನ ಕರೀಬೇಡಿ."

ಏಪ್ರಿಲ್ 8

ಮಧ್ಯಾಹ್ನ ಸ್ಕೂಲಿನಿಂದ ಫೋನ್. ಬಟಾಣಿ ಕಾಣುತ್ತಿಲ್ಲ. ಹೆಲ್ಮೆಟ್ ತೆಗೆಯುವುದನ್ನೂ ಮರೆತು ಓಡಿದೆ.

ಸ್ಕೂಲ್ ವ್ಯಾನಿಗೆ ಹೊಸ ಡ್ರೈವರ್ ಬಂದಿದ್ದಾನೆ. ಯೂನಿಫಾರ್ಮಿನವನು. ಅವನು ಹೆಸರು ಹಿಡಿದು ಕರೆದದ್ದೇ ತಡ, ಬಟಾಣಿ ಮಾಯ. ಆಟದ ಸಾಮಾನಿನ ಕೋಣೆಯಲ್ಲಿ ಇರಬಹುದು ಎನ್ನಿಸಿತು. ಬಾಗಿಲಲ್ಲಿ ನಿಂತು ಆಲ್ ಕ್ಲಿಯರ್ ಎಂದೆ. ಚಾಪೆಯ ಸುರುಳಿಯೊಳಗಿಂದ ತೆವಳಿ ಬಂದಳು, ತಲೆ ತುಂಬ ಧೂಳು. "ಎಷ್ಟು ನಿಮಿಷ ಅಪ್ಪ?" ಐವತ್ತು. ಸ್ಕೂಲಿನ ಆಯಾ ಆ ಕೋಣೆಗೆ ಎರಡು ಸಲ ಬಂದು ಕೂಗಿ ಹೋಗಿದ್ದಳಂತೆ.

ಇವಳು ಅತ್ತು ರಂಪ ಮಾಡಿದಳು. "ಅವಳು ಮಗು ರೀ. ನಿಮ್ಮ ಫ್ಯಾಕ್ಟರಿ ಸೈರನ್ನನ್ನ ಮನೆಗೆ ತರಬೇಡಿ ಅಂತ ಬಡ್ಕೊಂಡೆ. ಕಿವಿಗೇ ಹಾಕ್ಕೊಳಲ್ಲ ನೀವು."

ತಲೆ ತಗ್ಗಿಸಿ ನಿಂತೆ. ಬರೆಯಲು ನಾಚಿಕೆ — ಒಳಗೊಳಗೆ ಹೆಮ್ಮೆಪಟ್ಟೆ. ಐವತ್ತು ನಿಮಿಷ!

ಏಪ್ರಿಲ್ 21

ದನಿಯನ್ನೂ ನಕಲು ಮಾಡುತ್ತಾರಂತೆ ಈಗ. ಮೊನ್ನೆ ಆಫೀಸಿನಲ್ಲಿ ಯಾರೋ ವಿಡಿಯೋ ತೋರಿಸಿದರು.

ಇವತ್ತು ರಜೆ ಹಾಕಿದೆ. ಇವಳು ಕೆಲಸಕ್ಕೆ ಹೋದ ಮೇಲೆ ಡ್ರಿಲ್. ಆಲ್ ಕ್ಲಿಯರ್ ಎಂದು ರೆಕಾರ್ಡ್ ಮಾಡಿ, ಫೋನನ್ನು ಹಾಲ್‌ನಲ್ಲಿಟ್ಟು ಅಡುಗೆಮನೆಗೆ ಹೋದೆ. ಮಂಚದ ಕೆಳಗಿನಿಂದ ಬಂದುಬಿಟ್ಟಳು. ತಪ್ಪು.

"ದನಿ ಕೇಳಿ ಬರಬಾರದು ಬಟಾಣಿ. ಸ್ಪೀಕರಿಂದ ಬಂದ್ರೂ, ಫೋನಿಂದ ಬಂದ್ರೂ ನಂಬಬಾರದು. ಮುಖ ಕಾಣಬೇಕು. ನನ್ನ ಮುಖ, ಇಲ್ಲಾ ಅಮ್ಮನ ಮುಖ."

ಎರಡನೇ ಸಲ ಬರಲಿಲ್ಲ. ಮೂರನೇ ಸಲವೂ. ಆಟದ ಮಧ್ಯೆ, ಊಟದ ಮಧ್ಯೆ ಪರೀಕ್ಷಿಸಿದೆ. ಪಕ್ಕಾ. ಇವಳಿಗೆ ಹೇಳಬಾರದು ಎಂದರೂ ಬಟಾಣಿ ಸಂಜೆಯೇ ವರದಿ ಒಪ್ಪಿಸಿದಳು. ಇವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ.

ಮೇ 5

ಬೆಳಿಗ್ಗೆ 10.15ಕ್ಕೆ ಸೈರನ್. ನಾನು ಹಾಕಿಸಿದ್ದಲ್ಲ. ಥಿನ್ನರ್ ಲೈನ್ ಸೋರಿ ನಿಜವಾಗಿಯೂ ಬೆಂಕಿ. ಮಿಕ್ಸಿಂಗ್‌ನಲ್ಲಿ ಒಬ್ಬರೂ ಏಳಲಿಲ್ಲ. ಇಬ್ಬರು ಆಸ್ಪತ್ರೆಯಲ್ಲಿ. ಒಬ್ಬನ ಎರಡೂ ಕೈಗೆ ಬ್ಯಾಂಡೇಜು. ನನ್ನ ಮೇಲೆ ಸಿಟ್ಟೂ ಇಲ್ಲ ಅವನಿಗೆ.

"ಡ್ರಿಲ್ ಅಂದ್ಕೊಂಡ್ವಿ ಸಾರ್."

ಮನೆಗೆ ಬಂದು ಬಟಾಣಿಯನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಇನ್ನು ಡ್ರಿಲ್ ಇಲ್ಲ, ಎಲ್ಲ ಮುಗಿಯಿತು ಎಂದೆ. ಅವಳು ಕಣ್ಣು ಮಿಟುಕಿಸಿದಳು.

"ಡ್ರಿಲ್ ಇದ್ರೆ ಮುಂಚೆ ಹೇಳಲ್ಲ ಅಲ್ವಾ ಅಪ್ಪ?"

ಅದೂ ನನ್ನದೇ ಪಾಠ.

ಮೇ 13, ಹೋಟೆಲ್

ಬಂದೆವು. ಕೋಣೆ ಚಿಕ್ಕದು, ಕಿಟಕಿ ದೊಡ್ಡದು. ಇವತ್ತು ದೋಣಿ. ಬಟಾಣಿ ಬಾತುಕೋಳಿಗಳ ಜೊತೆ ನಮ್ಮ ಭಾಷೆಯಲ್ಲೇ ಜಗಳವಾಡಿದಳು. ಇವಳು ನನ್ನ ತೋಳು ಹಿಡಿದು ನಡೆದಳು, ಎಷ್ಟೋ ದಿನದ ಮೇಲೆ. ಸುಮ್ಮನೆ ಹೆದರಿದ್ದೆ ಅನ್ನಿಸುತ್ತಿದೆ.

ಮೇ 15, ಸಂಜೆ 4.10, ಮೆಟ್ರೋ ಆಫೀಸು

ಘಟನೆಯಾದರೆ ಮೊದಲು ಸಮಯ ಬರೆಯಬೇಕು. ಬರೆಯುತ್ತೇನೆ.

3.22. ರೈಲು ಬಂತು. ಬಟಾಣಿ ಮುಂದೆ ಹಾರಿ ಹತ್ತಿದಳು. ಇವಳ ಬ್ಯಾಗು ಯಾರಿಗೋ ಸಿಕ್ಕಿಕೊಂಡಿತು, ನಾನು ಬಿಡಿಸಲು ತಿರುಗಿದೆ. ಬಾಗಿಲು ಮುಚ್ಚಿತು. ಗಾಜಿನಾಚೆ ಅವಳು. ನಾನು ಗಾಜು ಬಡಿದೆ, ಕೂಗಿದೆ. ಅವಳು ಅಳಲಿಲ್ಲ. ನಕ್ಕಳು. ಹೆಬ್ಬೆರಳು ಎತ್ತಿ ತೋರಿಸಿದಳು.

3.31. ಮುಂದಿನ ರೈಲಿನಲ್ಲಿ ಮುಂದಿನ ಸ್ಟೇಷನ್. ಅಲ್ಲಿಲ್ಲ. ಅದರ ಮುಂದಿನದರಲ್ಲೂ ಇಲ್ಲ. ಇವಳು ನಾವು ಮೊದಲು ಇಳಿದ ಸ್ಟೇಷನ್ನಿನ ನೆಲದ ಮೇಲೆ ಕೂತುಬಿಟ್ಟಳು. ಆಫೀಸು ಅಲ್ಲೇ. ಫೋನಿನಲ್ಲಿ ಒಬ್ಬ ದುಭಾಷಿ ಸಿಕ್ಕಿದ್ದಾನೆ.

ಸಂಜೆ 5.25

ಕ್ಯಾಮೆರಾ ತೋರಿಸಿದರು. ಬಟಾಣಿ ಇದೇ ಸ್ಟೇಷನ್ನಿನಲ್ಲಿ ಇಳಿದಿದ್ದಾಳೆ. ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಾಳೆ, ಅಚ್ಚುಕಟ್ಟಾಗಿ. ಮೂರೇ ನಿಮಿಷಕ್ಕೆ ಸ್ಟೇಷನ್ನಿನ ಹೆಂಗಸೊಬ್ಬಳು ಬಂದು ಮಂಡಿಯೂರಿ ಮಾತಾಡಿಸುತ್ತಾಳೆ. ಒಳ್ಳೆಯ ಮುಖ. ನೀಲಿ ಯೂನಿಫಾರ್ಮ್. ಕೈ ಚಾಚುತ್ತಾಳೆ...

ಬಟಾಣಿ ಕೊಸರಿಕೊಂಡು ಓಡುತ್ತಾಳೆ. ಜನರ ಕಾಲ ನಡುವೆ ನುಗ್ಗಿ ಅಂಗಡಿ ಸಾಲಿನ ಕಡೆ. ಆಮೇಲೆ ಯಾವ ಕ್ಯಾಮೆರಾದಲ್ಲೂ ಇಲ್ಲ. ಹೊರಗೆ ಹೋಗಿದ್ದೂ ಇಲ್ಲ.

ಆ ಹೆಂಗಸು ನನ್ನ ಪಕ್ಕದಲ್ಲೇ ನಿಂತು ಅಳುತ್ತಿದ್ದಾಳೆ. ಅವಳ ತಪ್ಪು ಎಂದುಕೊಂಡಿದ್ದಾಳೆ. ನನ್ನದು ಎಂದು ಹೇಳಲು ನನಗೆ ಅವಳ ಭಾಷೆ ಬರುವುದಿಲ್ಲ.

ಸಂಜೆ 6.48

ಮೈಕ್ ಕೊಟ್ಟರು. ಆಲ್ ಕ್ಲಿಯರ್ ಬಟಾಣಿ, ಆಲ್ ಕ್ಲಿಯರ್. ಸ್ಟೇಷನ್ ತುಂಬ ನನ್ನ ದನಿ. ಹತ್ತು ಸಲ ಹೇಳಿದೆ. ಹನ್ನೊಂದನೇ ಸಲಕ್ಕೆ ಇವಳು ಬಂದು ನನ್ನ ಕೈಯಿಂದ ಮೈಕ್ ಕಿತ್ತುಕೊಂಡಳು. ಕೂಗಾಡಲಿಲ್ಲ.

"ಸ್ಪೀಕರಿಂದ ಬಂದ್ರೆ ನಂಬಬೇಡ ಅಂತ ಹೇಳ್ಕೊಟ್ಟಿದ್ದೀರಲ್ಲ ರೀ."

ಗಾಜಿನಾಚೆ ನೋಡಿದೆ. ಇಪ್ಪತ್ತು ಜನ ಪೊಲೀಸರು ಅಂಗಡಿ ಅಂಗಡಿಯ ಒಳಗೆ ಟಾರ್ಚು ಬಿಟ್ಟು ಹುಡುಕುತ್ತಿದ್ದಾರೆ. ಇಪ್ಪತ್ತು ಯೂನಿಫಾರ್ಮ್. ಅವರು ಹತ್ತಿರ ಬಂದಷ್ಟೂ ಅವಳು ಇನ್ನೂ ಒಳಕ್ಕೆ ಹೋಗುತ್ತಾಳೆ. ಯಂತ್ರದ ಹಿಂದೆ, ಗಾಳಿ ಕೊಳವೆಯ ಒಳಗೆ, ಹಳಿಯ ಕಡೆಗೆ... ಅವರನ್ನು ವಾಪಸ್ ಕರೆಸಿ ಎಂದು ದುಭಾಷಿಗೆ ಬೇಡಿಕೊಂಡೆ. ಅವನಿಗೆ ಅರ್ಥವಾಗುತ್ತಿಲ್ಲ. ಮಕ್ಕಳಿಗೆ ಪೊಲೀಸರೆಂದರೆ ಯಾಕೆ ಭಯ ಎನ್ನುತ್ತಾನೆ. ಮೇಲಿನವರನ್ನು ಕೇಳಿ ಹೇಳುತ್ತೇನೆ, ತಡೆಯಿರಿ ಎಂದಿದ್ದಾನೆ.

7.02

ಇನ್ನು ತಡೆಯಲಾರೆ. ನಾವಿಬ್ಬರೇ ಹೋಗುತ್ತೇವೆ. ಇವಳು ಆ ಕಡೆಯಿಂದ, ನಾನು ಈ ಕಡೆಯಿಂದ. ಪ್ರತಿ ಮೂಲೆಯಲ್ಲೂ ಬಗ್ಗಿ ಮುಖ ತೋರಿಸಬೇಕು. ಬೆಳಕಿಗೆ ಮುಖ ಮಾಡಿ, ನಿಧಾನವಾಗಿ.

ಮೂರು ಗಂಟೆ ನಲವತ್ತು ನಿಮಿಷ ಆಯಿತು. ಅವಳಿಗಿದು ಇನ್ನೂ ಡ್ರಿಲ್. ಸಿಕ್ಕ ಕೂಡಲೇ ಕೇಳುತ್ತಾಳೆ, ಎಷ್ಟು ನಿಮಿಷ ಅಪ್ಪ ಎಂದು. ಹೆದರಿದರೂ ಕೂಗುವುದಿಲ್ಲ. ನೋವಾದರೂ ಕೂಗುವುದಿಲ್ಲ. ಅಷ್ಟು ಚೆನ್ನಾಗಿ ಕಲಿಸಿ—

ಹಳಿಯ ಕಡೆ ಯಾರೋ ಸೀಟಿ ಊದುತ್ತಿದ್ದಾರೆ. ಎಲ್ಲರೂ ಆ ಕಡೆ ಓಡುತ್ತಿ—