ರೇಷ್ಮೆ ಅಂಟು, ಚಕ್ಕೋತ ಮತ್ತು ನನ್ನ ಬಾಯಿ

ಡಿಸೆಂಬರ್ 3, 2024

ನೂಲು ಬೇಯಿಸಿ ಮುಗಿಯಿತು. ಕೊನೆಯ ಹಂಡೆ ನನ್ನದು — ಸೋಪು, ಸೋಡ ಇಲ್ಲ, ಬರೀ ನೀರು. ರೇಷ್ಮೆ ಬಿಟ್ಟ ಅಂಟನ್ನು ಸೋಸಿ, ದೇವನಹಳ್ಳಿಯ ತವರಿನಿಂದ ಬಂದ ಚಕ್ಕೋತಗಳನ್ನು ಅದರಲ್ಲಿ ಅದ್ದಿ ಒಣಗಲು ಇಟ್ಟೆ. ಹೋದ ತಿಂಗಳು ಅದ್ದಿದವು ಇನ್ನೂ ಗಟ್ಟಿಮುಟ್ಟಾಗಿವೆ. ಅದ್ದದೆ ಬಿಟ್ಟವು ನಮ್ಮತ್ತೆಯ ಕೆನ್ನೆಯ ಹಾಗಾಗಿವೆ. ಇದನ್ನು ಯಾರೂ ಓದುವುದಿಲ್ಲ ತಾನೆ.

ಏರ್‌ಪೋರ್ಟ್ ಹತ್ತಿರದ ಹೋಟೆಲಿನವರು ವಾರಕ್ಕೊಂದು ಲೋಡ್ ಕೇಳಿದ್ದಾರೆ. ಪೇಟೆಂಟ್ ಮಾಡಿಸಲೇಬೇಕು — ಜ್ಯೋತಿಲಕ್ಷ್ಮಿ ಅಂತ, ನನ್ನ ಹೆಸರಲ್ಲೇ. ದೊಡ್ಡಬಳ್ಳಾಪುರದಲ್ಲಿ ಯಾವ ರೇಷ್ಮೆ ಯೂನಿಟ್ ನೋಡಿದರೂ ಗಂಡಸರ ಹೆಸರು. ನಮ್ಮ ಯಜಮಾನರು ನಕ್ಕರು. "ಲೇ, ಮೊದ್ಲು ಬಾಯ್ ಮುಚ್ಕೊಂಡಿರೋದು ಕಲಿ."

ಡಿಸೆಂಬರ್ 8, ಭಾನುವಾರ

ಅಕ್ಕನ ಮಗಳು ಯಶಸ್ವಿನಿ ಬಂದಿದ್ದಳು. ಬೆಂಗಳೂರಲ್ಲಿ ಪೇಟೆಂಟ್ ಲಾಯರು. ರೇಷ್ಮೆಯ ಪೇಟೆಂಟ್‌ಗಳನ್ನೆಲ್ಲ ಹುಡುಕಿ ನೋಡಿದ್ದೇನೆ, ಯಾರ ಅಡ್ಡಿಯೂ ಇಲ್ಲ ಎಂದು ಜಂಬ ಕೊಚ್ಚಿಕೊಂಡೆ.

"ರೇಷ್ಮೆ ಕಡೆ ಹುಡುಕಿದ್ರೆ ಸಾಲದು ಚಿಕ್ಕಮ್ಮ. ನೀವು ಹೋಗ್ತಿರೋದು ಹಣ್ಣಿನ ಕಡೆ. ಅಂಟು ಎಷ್ಟೇ ಹಳೇದಾಗಿರ್ಲಿ, ಹಣ್ಣಿಗೆ ಹಚ್ಚೋದನ್ನ ಬೇರೆ ಯಾರೋ ತಮ್ದು ಅಂತ ಬರೆಸಿಕೊಂಡಿರ್ಬಹುದು."

ಅಲ್ಲೇ ಲ್ಯಾಪ್‌ಟಾಪ್ ತೆಗೆದಳು. ಇತ್ತು. ಪುಣೆಯ ಯಾವುದೋ ಕಂಪನಿ. ಹೋದ ವರ್ಷ ಜನವರಿಯಲ್ಲೇ ಅರ್ಜಿ. ನನ್ನದೇ ವಿಧಾನ, ಬರೀ ನೀರಿನ ಸಮೇತ. ಅವರಿಗೆ ಪೇಟೆಂಟ್ ಸಿಕ್ಕರೆ ಅವರ ಅಪ್ಪಣೆ ಇಲ್ಲದೆ ನಾನು ಒಂದು ಹಣ್ಣನ್ನೂ ಅದ್ದಿ ಮಾರುವಂತಿಲ್ಲ.

ಮಾವನವರ ಕಾಲದಿಂದ ನಾವು ಮೋರಿಗೆ ಚೆಲ್ಲಿದ ನೀರು! ಊಟ ಸೇರಲಿಲ್ಲ...

ಡಿಸೆಂಬರ್ 27

ಹೋಟೆಲಿಗೆ ಸದ್ಯಕ್ಕೆ ಆಗುವುದಿಲ್ಲ ಎಂದುಬಿಟ್ಟೆ. ಹಂಡೆ ಬೋರಲು ಹಾಕಿದ್ದೇನೆ.

ಸಂಜೆ ಅತ್ತೆ ಅವರೆಕಾಯಿ ಬಿಡಿಸುತ್ತ, "ಅದೇನ್ ಅವ್ರು ಮೊದ್ಲು ಮಾಡಿದ್ದು? ನಿನ್ ತಮ್ಮ ವಿಜಯ್ ಗೃಹಪ್ರವೇಶದಲ್ಲಿ ತಾಂಬೂಲಕ್ಕೆ ತೆಂಗಿನಕಾಯಿ ಬದ್ಲು ಇದೇ ಅಂಟು ಹಚ್ಚಿದ ಚಕ್ಕೋತ ಕೊಡ್ಲಿಲ್ವೇನಮ್ಮ? ಮೈಕ್ ಕಿತ್ಕೊಂಡು ಭಾಷಣ ಬೇರೆ ಮಾಡ್ದೆ. ನಂಗೆ ನಾಚ್ಕೆ ಆಗೋಗಿತ್ತು" ಅಂದರು.

ಅದು 2022ರ ಮೇ! ವಿಜಯ್ ಆಗಲೇ ವಿಡಿಯೋ ಯೂಟ್ಯೂಬಿಗೆ ಹಾಕಿದ್ದ. ಹುಡುಕಿದೆ. ಜರಿ ಸೀರೆ ಉಟ್ಟು ನಿಂತಿದ್ದೇನೆ, ಮಹಾರಾಣಿ. ಎಷ್ಟು ನೀರು, ಎಷ್ಟು ಹೊತ್ತು ಬೇಯಿಸಬೇಕು, ಹೇಗೆ ಅದ್ದಿ ಒಣಗಿಸಬೇಕು — ಒಂದೂ ಬಿಡದೆ ಒದರಿದ್ದೇನೆ. ಅತ್ತೆಯನ್ನು ತಬ್ಬಿಕೊಂಡೆ. "ಥೂ, ಬಿಡೇ" ಅಂದರು.

ಡಿಸೆಂಬರ್ 28

ಯಶಸ್ವಿನಿ ಫೋನಿನಲ್ಲಿ ಬಿದ್ದು ಬಿದ್ದು ನಕ್ಕಳು. ವಿಡಿಯೋ ಅವರ ಅರ್ಜಿಗಿಂತ ಮೊದಲಿನದು. ಇದು ಹೊಸದೇ ಅಲ್ಲ ಎಂದು ಆಕ್ಷೇಪಣೆ ಹಾಕುತ್ತಾಳಂತೆ.

"ಆದ್ರೆ ಚಿಕ್ಕಮ್ಮ, ನಿಮಗೂ ಸಿಗಲ್ಲ. ಊರಿಗೆಲ್ಲ ಹೇಳ್ಬಿಟ್ಟಿದ್ದೀರಲ್ಲ!"

ಅಳು ಬಂತು. ಪೇಟೆಂಟ್ ಕಾಗದಕ್ಕೆ ಅಂತ ಫ್ರೇಮ್ ಕೂಡ ಕೊಂಡಿಟ್ಟಿದ್ದೆ.

ಸೆಪ್ಟೆಂಬರ್ 14, 2025, ಭಾನುವಾರ

ಕಂಪನಿಯವರು ಅರ್ಜಿ ಹಿಂದಕ್ಕೆ ತೆಗೆದುಕೊಂಡರಂತೆ! ಹೋಟೆಲಿಗೆ ನಾಳೆಯಿಂದ ಲೋಡ್. ಇವರು ಆ ಫ್ರೇಮಿಗೆ ಮೈಕ್ ಹಿಡಿದ ನನ್ನ ಫೋಟೋ ಹಾಕಿಸಿ ತಂದರು. ಬಾಯಿ ಅರ್ಧ ತೆರೆದಿದೆ. ಹಂಡೆಯ ಹಿಂದಿನ ಗೋಡೆಗೆ ತೂಗುಹಾಕಿದೆವು. ಖುಷಿಯಾಗಿದೆ, ಸುಳ್ಳೇಕೆ ಹೇಳಲಿ.

ಪಕ್ಕದ ಬೀದಿಯ ಸೊಣ್ಣಮ್ಮ ಸೀಬೆಹಣ್ಣಿನ ಬುಟ್ಟಿ ಹೊತ್ತು ಬಂದಿದ್ದಾಳೆ. "ಜ್ಯೋತಕ್ಕ, ಇದಕ್ಕೂ ಆಗುತ್ತಾ? ಹೆಂಗ್ ಮಾಡೋದು, ವಸಿ ಹೇಳ್ಕೊಡು."

ಇವರು ಒಳಗಿನಿಂದಲೇ, "ಹೇಳು, ಹೇಳು. ಮುಚ್ಚಿಡೋಕೆ ಇನ್ನೇನ್ ಉಳಿದಿದೆ!" ಎಂದರು.

ಉಳಿದಿದೆ. ಸೀಬೆಗೆ ಬರೀ ಅಂಟು ನಿಲ್ಲುವುದಿಲ್ಲ, ಅದಕ್ಕೆ ಇನ್ನೊಂದನ್ನು ಸೇರಿಸಬೇಕು. ಮೊನ್ನೆಯಷ್ಟೇ ಹಿಡಿತಕ್ಕೆ ಬಂತು. ಹೊಸದು ಅಂದರೆ ಹೊಸದು. ಯಶಸ್ವಿನಿಗೆ ಹೇಳುವವರೆಗೆ ತುಟಿ ಬಿಚ್ಚಬಾರದು. ಸೊಣ್ಣಮ್ಮ ಕೂತೇಬಿಟ್ಟಳು, ಕಾಫಿ ಬೇಕಂತೆ. ಪಾಪ, ಒಳ್ಳೆಯವಳು. ಒಂದೇ ಒಂದು ಸುಳಿವು ಕೊಟ್ಟರೆ —